ಐಪಿಎಲ್ ನೋಡಲು ಸ್ಪೋರ್ಟ್ಸ್ ಬಾರೋ, ಹಾಸ್ಟೆಲ್ಲೋ?
ಬೆಂಗಳೂರಿನ ವಿದ್ಯಾರ್ಥಿಗಳು ಈ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಖರ್ಚು. ಪಂದ್ಯದ ದಿನ ಬಾರಿನಲ್ಲಿ ಕವರ್ ಚಾರ್ಜ್ (ಒಳಗೆ ಬಿಡಲು ಪಡೆಯುವ ಶುಲ್ಕ) ಇದ್ದರೆ, ಅದು ತಿಂಡಿಯ ಬಿಲ್ಲಿನಲ್ಲಿ ವಜಾ ಆಗುವುದೇ ಎಂದು ಒಳಹೋಗುವ ಮುನ್ನವೇ ವಿಚಾರಿಸುವುದು ಲೇಸು. ಹ್ಯಾಪಿ ಅವರ್ಸ್ ರಿಯಾಯಿತಿ ಸಾಮಾನ್ಯವಾಗಿ ರಾತ್ರಿಯಾಗುವುದರೊಳಗೆ ಮುಗಿಯುವುದರಿಂದ, 7.30ರ ಪಂದ್ಯಕ್ಕಿಂತ 3.30ರ ಪಂದ್ಯಕ್ಕೆ ಹೋಗುವವರಿಗೇ ಅದು ದಕ್ಕುತ್ತದೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದ್ದರೆ ತೆಗೆಸಬಹುದು. ಅದನ್ನು ಕಡ್ಡಾಯವಾಗಿ ವಸೂಲಿ ಮಾಡಬಾರದೆಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. (ಮಾಣಿಯ ಮುಖ ಸಪ್ಪಗಾದೀತು, ಆದರೂ ಕೇಳಿ.)

ಹಾಸ್ಟೆಲಿನಲ್ಲಿ ಚುರುಮುರಿ, ಬೇಕರಿಯ ಪಫ್ಸ್ ಅಷ್ಟೇ ಖರ್ಚು. ಆದರೆ ಮೊಬೈಲಿನ ನೇರಪ್ರಸಾರ ತಡವಾದರೆ ಪಕ್ಕದ ಕೋಣೆಯ ಕೂಗೇ ವಿಕೆಟ್ ಬಿದ್ದ ಸುದ್ದಿಯನ್ನು ಮೊದಲು ಮುಟ್ಟಿಸುತ್ತದೆ. ಆರ್‌ಸಿಬಿಯ ನಿರ್ಣಾಯಕ ಪಂದ್ಯಕ್ಕೆ, ಬಿಲ್ ಹಂಚಿಕೊಳ್ಳುವ ಗೆಳೆಯರಿದ್ದರೆ ಬಾರ್ ಸರಿ; ತಿಂಗಳ ಕೊನೆಯ ಸಾಧಾರಣ ಪಂದ್ಯಗಳಿಗೆ ಹಾಸ್ಟೆಲೇ ಸಾಕು.