ಕ್ಯಾಬ್ ಸಿಮ್ ಮೂರು: ಗಿಟಾರ್‌ಗೆ ಗೆದ್ದದ್ದು ಒಂದು, ಬೇಸ್‌ಗೆ ಇನ್ನೊಂದು

ಡಿಸ್ಟಾರ್ಷನ್ ಹಾಕಿದ ಆಂಪ್ ಹೆಡ್ಡನ್ನು (ಸ್ಪೀಕರ್ ಇಲ್ಲದ ಬರೀ ಆಂಪ್ಲಿಫೈಯರ್) ಸ್ಪೀಕರ್ ಪೆಟ್ಟಿಗೆಯಾದ ಕ್ಯಾಬಿನೆಟ್, ಅಂದರೆ ಕ್ಯಾಬ್, ಇಲ್ಲದೆ ನೇರವಾಗಿ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿದವರಿಗೆ ಗೊತ್ತು, ಜೇನುಗೂಡಿಗೆ ಕಲ್ಲು ಬಿದ್ದ ಹಾಗಿರುತ್ತದೆ. ಗಿಟಾರಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕೈಚೆಲ್ಲಿಬಿಡುತ್ತದೆ. ಹಾಗೆ ಕೈಚೆಲ್ಲುವುದರಿಂದಲೇ ಆ ಗುಂಯ್‌ಗುಡುವ ಸದ್ದು ಗಿಟಾರ್ ಅನ್ನಿಸಿಕೊಳ್ಳುವುದು. ಜೋರಾಗಿ ಕ್ಯಾಬ್ ಓಡಿಸಿ ಎದುರಿಗೆ ಮೈಕ್ ಇಡಲು ಆಗದ ನನ್ನಂಥವರಿಗೆ ಈ ಕೆಲಸವನ್ನು ಸಾಫ್ಟ್‌ವೇರ್ ಮಾಡಬೇಕು, ಅದಕ್ಕೇ ಕ್ಯಾಬ್ ಸಿಮ್ ಎನ್ನುವುದು.

ಮೂರನ್ನು ಎದುರುಬದುರು ಕೂರಿಸಿದೆ. ಒಂದು, ಇಗ್ನೈಟ್ ಆಂಪ್ಸ್‌ನವರ ನ್ಯಾಡ್‌ಐಆರ್. ಬಿಟ್ಟಿ ಸಿಗುತ್ತದೆ, ಎರಡು ಐಆರ್ (ಇಂಪಲ್ಸ್ ರೆಸ್ಪಾನ್ಸ್, ಕ್ಯಾಬಿನ ಸದ್ದಿನ ಅಚ್ಚು) ಫೈಲು ಒಟ್ಟಿಗೆ ಹಾಕಿಕೊಳ್ಳಬಹುದು. ಎರಡು, ಟೂ ನೋಟ್ಸ್‌ನವರ ವಾಲ್ ಆಫ್ ಸೌಂಡ್. ಇದರಲ್ಲಿ ಕ್ಯಾಬ್ ತೆರೆಯ ಮೇಲೇ ಕಾಣುತ್ತದೆ, ಮೈಕನ್ನು ಹತ್ತಿರ ದೂರ, ನಡುವಿಗೆ ಅಂಚಿಗೆ ಸರಿಸಬಹುದು. ಮೂರು, ನನ್ನ ಬಳಿ ಇರುವ ಒಂದು ಆಂಪ್ ಪ್ಯಾಕೇಜಿನ ಒಳಗೇ ಬಂದಿರುವ ಕ್ಯಾಬ್ ವಿಭಾಗ. ಇಂಥವು ಹತ್ತಾರಿವೆ, ಹೆಸರು ಬೇಡ.

ಪರೀಕ್ಷೆಗೆ ಒಂದೇ ಸಾಮಗ್ರಿ: ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ಮೀಟುವುದು) ತುಂಬಿದ ಒಂದು ರಿಫ್, ಡಿಸ್ಟಾರ್ಷನ್ ಇಲ್ಲದೆ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಮೀಟಿದ ಒಂದು ಕ್ಲೀನ್ ಆರ್ಪೆಜಿಯೊ, ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ಒಮ್ಮೆ ಪಿಕ್ಕಿನಿಂದ, ಒಮ್ಮೆ ಬೆರಳಿನಿಂದ ನುಡಿಸಿದ ಒಂದು ಸಾಲು. ಎಲ್ಲವೂ ಡಿಐ ಟ್ರ್ಯಾಕುಗಳು, ಅಂದರೆ ಆಂಪು ಕ್ಯಾಬು ಏನೂ ಇಲ್ಲದೆ ವಾದ್ಯದಿಂದ ನೇರವಾಗಿ ಹಿಡಿದವು. ಗಿಟಾರಿಗೆ ಆಂಪ್ ಕೂಡ ಒಂದೇ, ನಿಜವಾದ ಆಂಪನ್ನು ಅನುಕರಿಸುವ ಸಾಫ್ಟ್‌ವೇರ್ ನ್ಯೂರಲ್ ಆಂಪ್ ಮಾಡೆಲರ್‌ನಲ್ಲಿ ಬರೀ ಹೆಡ್ಡಿನ ಒಂದು ಕ್ಯಾಪ್ಚರ್.

ಮೊದಲ ಸಂಜೆಯ ತೀರ್ಪು ಪೂರ್ತಿ ತಪ್ಪಾಗಿತ್ತು. ಪ್ಯಾಕೇಜಿನ ಕ್ಯಾಬೇ ಗೆದ್ದಿತು ಎಂದು ಬರೆದಿಟ್ಟು ಮಲಗಿದೆ. ಮರುದಿನ ಮೀಟರ್ ನೋಡಿದರೆ ಅದು ಉಳಿದೆರಡಕ್ಕಿಂತ 3 ಡೆಸಿಬೆಲ್ ಜೋರಾಗಿತ್ತು, ಅಷ್ಟೆ. ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಮೂರರ ಮಟ್ಟವನ್ನೂ ಸಮ ಮಾಡಿದ ಮೇಲೆ ಆ ಗೆಲುವು ಎಲ್ಲಿ ಹೋಯಿತೋ.

ಆಮೇಲೆ ಇನ್ನೊಂದು ಅನುಮಾನ ಹತ್ತಿತು. ಐಆರ್ ಫೈಲು ಓಡಿಸುವ ಸಾಫ್ಟ್‌ವೇರಿಗೆ ಲೋಡರ್ ಎನ್ನುವುದು; ಲೋಡರಿಂದ ಲೋಡರಿಗೆ ಸದ್ದು ಬೇರೆ ಎನ್ನುತ್ತಾರಲ್ಲ, ನಿಜವೇ? ಐಆರ್ ಅಂದರೆ ಕ್ಯಾಬಿನಲ್ಲಿ ಸ್ವೀಪ್ ಸದ್ದು (ಕೆಳಗಿನಿಂದ ಮೇಲಿನ ಸ್ವರದವರೆಗೆ ಏರುವ ಸದ್ದು) ಹಾಯಿಸಿ, ಮೈಕಿಗೆ ಬಿದ್ದದ್ದರಿಂದ ಲೆಕ್ಕ ಹಾಕಿ ತೆಗೆದ ಚಿಕ್ಕ ವೇವ್ ಫೈಲು. ಸ್ಪೀಕರ್, ಪೆಟ್ಟಿಗೆ, ಮೈಕು, ಮೈಕ್ ಇಟ್ಟ ಜಾಗ ಎಲ್ಲದರ ಅಚ್ಚೂ ಅದರಲ್ಲೇ ಇರುತ್ತದೆ. ಒಂದೇ ಫೈಲನ್ನು ನ್ಯಾಡ್‌ಐಆರ್‌ಗೂ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್ ಜೊತೆಗೇ ಬರುವ, ಐಆರ್ ಓಡಿಸಬಲ್ಲ ಕನ್ವಲ್ಯೂಷನ್ ಪ್ಲಗಿನ್ನಿಗೂ ಹಾಕಿದೆ, ಫಿಲ್ಟರುಗಳನ್ನೆಲ್ಲ ಆಫ್ ಮಾಡಿದೆ, ಮಟ್ಟ ಸರಿಮಾಡಿ ಒಂದರ ಪೊಲಾರಿಟಿ ತಿರುಗಿಸಿ ಅಲೆಯನ್ನು ತಲೆಕೆಳಗು ಮಾಡಿದೆ. ಎರಡೂ ಒಂದನ್ನೊಂದು ಪೂರ್ತಿ ಅಳಿಸಿಕೊಂಡು ನಿಶ್ಶಬ್ದ. ಲೋಡರಿಗೆ ತನ್ನದೇ ಆದ ದನಿ ಇಲ್ಲ. ಹಾಗಾದರೆ ನಾನು ಹೋಲಿಸಬೇಕಾದದ್ದು ಯಾವುದರ ಸದ್ದು ಚೆನ್ನ ಎಂಬುದನ್ನಲ್ಲ, ಬೇಕಾದ ಸದ್ದಿನ ಹತ್ತಿರಕ್ಕೆ ಯಾವುದು ಬೇಗ ಕರೆದೊಯ್ಯುತ್ತದೆ ಎಂಬುದನ್ನು.

ಗಿಟಾರಿನ ವಿಷಯದಲ್ಲಿ ಇಲ್ಲಿ ದೊಡ್ಡ ಅಂತರ ಸಿಕ್ಕಿತು. ನನ್ನ ಐಆರ್ ಫೋಲ್ಡರಿನಲ್ಲಿ 140 ಫೈಲುಗಳಿದ್ದವು. ಹೆಚ್ಚಿನವು ಸೆಲೆಶನ್ ವಿಂಟೇಜ್ 30 ಸ್ಪೀಕರ್ ಮುಂದೆ ಶೂರ್ ಎಸ್‌ಎಂ57 ಮೈಕ್ ಇಟ್ಟು ತೆಗೆದವು, ಹೆಸರಿನಲ್ಲಿ ಅರ್ಧ ಇಂಚು, ಒಂದು ಇಂಚು ಎಂಬ ವ್ಯತ್ಯಾಸ. ನ್ಯಾಡ್‌ಐಆರ್‌ನಲ್ಲಿ ಒಂದೊಂದಾಗಿ ಹಾಕಿ ಕೇಳುತ್ತಾ ಹೋದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹೇಗಿತ್ತೆಂದೇ ಮರೆತಿತ್ತು. ವಾಲ್ ಆಫ್ ಸೌಂಡಿನಲ್ಲಿ ಅದೇ ರಿಫ್ಫನ್ನು ಲೂಪಿಗೆ ಹಾಕಿ ಮೈಕನ್ನು ಸ್ಪೀಕರಿನ ನಟ್ಟನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಸರಿಸಿದೆ. ನಡುವೆ ಇದ್ದಾಗ ಪಿಕ್ ತಂತಿಗೆ ತಾಗುವ ಕರಕರ ಮುಖಕ್ಕೇ ಹೊಡೆಯುತ್ತಿತ್ತು. ಸ್ಪೀಕರಿನ ನಡುವಿನ ಮುಚ್ಚಳ, ಡಸ್ಟ್ ಕ್ಯಾಪ್, ಮುಗಿದು ಕೋನ್ ಶುರುವಾಗುವಲ್ಲಿ ಆ ಕರಕರ ಹಿಂದೆ ಸರಿದು ಪಾಮ್ ಮ್ಯೂಟಿನ ದಿಮ್ ಮುಂದೆ ಬಂತು. ಇನ್ನಷ್ಟು ಸರಿಸಿದರೆ ಕಂಬಳಿ ಹೊದಿಸಿದ ಹಾಗೆ. ಅಂಚಿಗೆ ಹೋಗಿ ವಾಪಸ್ ಬಂದು ನಿಲ್ಲಿಸಲು ಎರಡು ನಿಮಿಷ ಸಾಕಾಯಿತು. ಸದ್ದು ಬದಲಾಗುವುದನ್ನು ಬಿಡದೆ ಕೇಳಿದರೆ ಕಿವಿ ಬೇಗ ತೀರ್ಮಾನಿಸುತ್ತದೆ. ತುಂಡು ತುಂಡಾಗಿ ಕೇಳಿಸಿದರೆ ಸುಸ್ತಾಗುತ್ತದೆ. ಗಿಟಾರಿಗೆ ನನ್ನ ಮತ ವಾಲ್ ಆಫ್ ಸೌಂಡಿಗೇ.

ನ್ಯಾಡ್‌ಐಆರ್ ತಿರುಗೇಟು ಕೊಟ್ಟದ್ದು ಕ್ಲೀನ್ ಆರ್ಪೆಜಿಯೊದಲ್ಲಿ. ಒಂದು ಕಡೆ ಎಸ್‌ಎಂ57, ಇನ್ನೊಂದು ಕಡೆ ರಾಯರ್ ಆರ್-121 ರಿಬ್ಬನ್ ಮೈಕಿನ ಐಆರ್. ಎರಡನ್ನೂ ಬೆರೆಸಿ ರಿಬ್ಬನ್ನಿನ ಡಿಲೇಯನ್ನು 0.3 ಮಿಲಿಸೆಕೆಂಡಿಗೆ ಏರಿಸಿದೆ. ಸದ್ದು ಅಷ್ಟು ಹೊತ್ತಿನಲ್ಲಿ ಸುಮಾರು 10 ಸೆಂಟಿಮೀಟರ್ ಸಾಗುತ್ತದೆ, ಅಂದರೆ ಎರಡನೇ ಮೈಕನ್ನು ಒಂದು ಗೇಣಿನ ಅರ್ಧದಷ್ಟು ಹಿಂದಿಟ್ಟ ಲೆಕ್ಕ. 1.7 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಅಳಿಸಿ ಒಂದು ಗುಂಡಿ ಬಿದ್ದು, ತಂತಿಗಳ ಮೂಗುದನಿ ಮಾಯವಾಗಿ ಆರ್ಪೆಜಿಯೊ ತಿಳಿಯಾಯಿತು. ಅದೇ ಸೆಟ್ಟಿಂಗನ್ನು ಡಿಸ್ಟಾರ್ಷನ್ ರಿಫ್ಫಿಗೆ ಹಾಕಿದರೆ ಕೊಳವೆಯೊಳಗಿಂದ ಕೇಳಿದ ಹಾಗೆ. ಕೂಡಲೇ ತೆಗೆದುಬಿಟ್ಟೆ.

ಇಲ್ಲೊಂದು ಅಡ್ಡಮಾತು. ಹಿಂದೆ ಬಳಸುತ್ತಿದ್ದ ಒಂದು ಲೋಡರ್ 44.1 ಕಿಲೋಹರ್ಟ್ಸ್ ಸ್ಯಾಂಪಲ್ ದರದ (ಸೆಕೆಂಡಿಗೆ 44,100 ಅಳತೆ, ಅಂದರೆ ಸ್ಯಾಂಪಲ್) ಐಆರ್ ಅನ್ನು 48ರ ಸೆಷನ್ನಿನಲ್ಲಿ ದರ ಹೊಂದಿಸದೆ ಹಾಗೇ ಓದಿಬಿಡುತ್ತಿತ್ತು. ಆಗ ಸ್ಪೀಕರಿನ ಏರಿಳಿತಗಳೆಲ್ಲ ಸುಮಾರು ಶೇಕಡಾ 9ರಷ್ಟು ಮೇಲಕ್ಕೆ ಸರಿಯುತ್ತವೆ. ಎಷ್ಟೋ ತಿಂಗಳು ನನ್ನ ಗಿಟಾರ್ ಯಾಕೆ ತೆಳ್ಳಗೆ ಎಂದು ಪಿಕಪ್ಪನ್ನು ಬೈಯುತ್ತಿದ್ದೆ. ನ್ಯಾಡ್‌ಐಆರ್ ಸೆಷನ್ನಿನ ದರಕ್ಕೆ ತಾನೇ ಹೊಂದಿಸಿಕೊಳ್ಳುತ್ತದೆ.

ಬೇಸಿನ ಕಥೆಯೇ ಬೇರೆ. ಬೇಸಿನ ಕೆಳಗಿನ ಇ ತಂತಿ 41 ಹರ್ಟ್ಸ್, ಅದರ ಒಂದು ಅಲೆ ಮುಗಿಯಲು 24 ಮಿಲಿಸೆಕೆಂಡ್ ಬೇಕು. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ಲಿನ ಐಆರ್ 21 ಮಿಲಿಸೆಕೆಂಡಿಗೇ ಮುಗಿಯುತ್ತದೆ, ಒಂದು ಅಲೆಯೂ ಪೂರ್ತಿ ಹಿಡಿಸುವುದಿಲ್ಲ. ಗಿಟಾರಿಗೆ ಇದು ಅಷ್ಟಾಗಿ ಗೊತ್ತಾಗದು. ಬೇಸಿನಲ್ಲಿ ಅಡಿಪಾಯ ಸಡಿಲವಾಗುತ್ತದೆ. ಹಾಗಾಗಿ ಎಂಟು 10 ಇಂಚಿನ ಸ್ಪೀಕರುಗಳ ಆಂಪೆಗ್ ಕ್ಯಾಬಿನ, 200 ಮಿಲಿಸೆಕೆಂಡ್ ಉದ್ದದ ಐಆರ್ ಆರಿಸಿದೆ.

ಅದನ್ನು ಡಿಐ ಜೊತೆ ಬೆರೆಸಿದೆ, ಎಲ್ಲರೂ ಮಾಡುವುದೇ. ಬೆರೆಸಿದ ಕೂಡಲೇ ಬೇಸಿನ ಎದೆಯೇ ಕುಸಿಯಿತು. ಬುಡ ಇದೆ, ತುದಿ ಇದೆ, ನಡುವೆ ಟೊಳ್ಳು. ಪೊಲಾರಿಟಿ ತಿರುಗಿಸಿದರೆ ಬುಡ ಹೋಯಿತು. ಅರ್ಧ ದಿನ ಈಕ್ಯೂ ತಿರುವಿದ್ದೇ ಬಂತು. ಕೊನೆಗೆ ಐಆರ್ ಫೈಲನ್ನೇ ಎಡಿಟರಿನಲ್ಲಿ ತೆರೆದು ಹಿಗ್ಗಿಸಿ ನೋಡಿದೆ: ಸದ್ದು ಶುರುವಾಗುವ ಮುಂಚೆ 67 ಸ್ಯಾಂಪಲ್ ಖಾಲಿ. ಸುಮಾರು 1.4 ಮಿಲಿಸೆಕೆಂಡ್ ತಡ, ಅಂದರೆ 357 ಹರ್ಟ್ಸ್ ಹತ್ತಿರ ಡಿಐಯೂ ಕ್ಯಾಬೂ ಒಂದನ್ನೊಂದು ತಿಂದುಹಾಕುತ್ತಿದ್ದವು. ಆ ಖಾಲಿ ಜಾಗ ಕತ್ತರಿಸಿ ಸೇವ್ ಮಾಡಿ ಮತ್ತೆ ಹಾಕಿದೆ. ಎದೆ ಬಂತು. ಫೈಲು ನನ್ನ ಕೈಯಲ್ಲಿದ್ದುದರಿಂದ ಇದು ಸಾಧ್ಯವಾಯಿತು. ತೆರೆಯ ಮೇಲೆ ಮೈಕ್ ಓಡಾಡಿಸುವ ಸೊಗಸಿಗೆ ಇಲ್ಲಿ ಕೆಲಸವೇ ಇರಲಿಲ್ಲ. ಬೆರಳಿನಿಂದ ನುಡಿಸಿದ ಸಾಲಿನಲ್ಲಿ ಮೈಕನ್ನು ಎಲ್ಲಿಗೆ ಸರಿಸಿದರೂ ಮಿಕ್ಸಿನೊಳಗೆ ವ್ಯತ್ಯಾಸ ಹುಡುಕಬೇಕಿತ್ತು. ಬೇಸಿಗೆ ನ್ಯಾಡ್‌ಐಆರ್, ಎರಡು ಮಾತಿಲ್ಲ.

ಪ್ಯಾಕೇಜಿನ ಕ್ಯಾಬ್ ಕೆಟ್ಟದ್ದೇನಲ್ಲ. ಹೊಳೆದ ರಾಗ ಮರೆಯುವ ಮುಂಚೆ ಹಿಡಿದಿಡಲು ಅದರಷ್ಟು ಬೇಗ ತೆರೆದುಕೊಳ್ಳುವುದು ಬೇರೊಂದಿಲ್ಲ. ಆಮೇಲೆ ಡಿಐ ಉಳಿದಿರುತ್ತದಲ್ಲ, ಕ್ಯಾಬ್ ಬದಲಿಸಿಕೊಂಡರಾಯಿತು.

ಮೂರರಲ್ಲೂ ಸಿಗದ ಒಂದು ವಸ್ತು ಇದೆ. 25 ವಾಟಿನ ಗ್ರೀನ್‌ಬ್ಯಾಕ್ ಸ್ಪೀಕರಿಗೆ ಜೋರಾಗಿ ಬಿಟ್ಟಾಗ ಅದೇ ಸ್ವಲ್ಪ ನರಳುತ್ತದೆ, ಒತ್ತಿಕೊಳ್ಳುತ್ತದೆ. ಐಆರ್ ಮೆಲ್ಲಗೆ ಮೀಟಿದ್ದಕ್ಕೂ ಬಲವಾಗಿ ಬಾರಿಸಿದ್ದಕ್ಕೂ ಒಂದೇ ಅಚ್ಚನ್ನು ಒತ್ತುತ್ತದೆ. ಕ್ಲೀನ್‌ಗೂ ಡಿಸ್ಟಾರ್ಷನ್‌ಗೂ ನಡುವಿನ ಬ್ಲೂಸ್ ಟೋನಿನಲ್ಲಿ ನನಗೆ ಇದು ಕಾಡಿತು. ಹೈ ಗೇನಿನಲ್ಲಿ, ಅಂದರೆ ಡಿಸ್ಟಾರ್ಷನ್ ತುಂಬಿದಾಗ, ಗೊತ್ತೇ ಆಗಲಿಲ್ಲ.

ಈಗ ನನ್ನ ಟೆಂಪ್ಲೇಟಿನಲ್ಲಿ ಎಡ ಬಲ ಗಿಟಾರ್ ಟ್ರ್ಯಾಕಿನ ಮೇಲೆ ವಾಲ್ ಆಫ್ ಸೌಂಡ್ ಇದೆ. ಬೇಸಿನಲ್ಲಿ 150 ಹರ್ಟ್ಸ್‌ನಿಂದ ಕೆಳಗಿನದು ಡಿಐ, ಮೇಲಿನದು ಡ್ರೈವ್ (ಲಘು ಡಿಸ್ಟಾರ್ಷನ್) ಹಾಕಿ ನ್ಯಾಡ್‌ಐಆರ್ ಮೂಲಕ. ಆ 140 ಫೈಲುಗಳಲ್ಲಿ ಆರು ಉಳಿದಿವೆ. ಅದರಲ್ಲೂ ಎರಡನ್ನು ಯಾಕೆ ಇಟ್ಟುಕೊಂಡೆ ಎಂದು ನೆನಪಿಲ್ಲ.