‘ಭಾವ, ಸ್ವಲ್ಪ ನಿಲ್ಲಿಸಿ!’: ಮೂರು ದೇಶದ ಮೂರು ರಸ್ತೆ

ನನ್ನ ಭಾವ ಇರುವುದು ಪುಣೆಯಲ್ಲಿ, ನಾನು ಡೊಂಬಿವಲಿಯಲ್ಲಿ. ಅವರು ಕ್ಯಾಮೆರಾ ಮುಟ್ಟುವವರಲ್ಲ, ಕೈಗೆ ಸ್ಟಿಯರಿಂಗ್ ಸಿಕ್ಕರೆ ಮಾತ್ರ ಹಸಿವು ಮರೆಯುತ್ತಾರೆ. ನನಗೋ ಡ್ರೈವಿಂಗ್ ಎಂದರೆ ಎರಡು ಫೋಟೊಗಳ ನಡುವಿನ ತೊಂದರೆ. ಮಳೆಗಾಲಕ್ಕೆ ತಾಮ್ಹಿಣಿ ಘಾಟು, ಚಳಿಗಾಲಕ್ಕೆ ಭಿಗವಣದ ಫ್ಲೆಮಿಂಗೊ ಎಂದು ಜೊತೆಯಾಗಿ ಸುತ್ತುತ್ತಿದ್ದವರು ಮೂರು ಸಲ ಹೊರದೇಶದ ರಸ್ತೆಗೂ ಇಳಿದೆವು: 2018ರ ಜೂನ್‌ನಲ್ಲಿ ಐಸ್‌ಲ್ಯಾಂಡ್, 2019ರ ನವೆಂಬರ್ ಕೊನೆಗೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪ, 2023ರ ಮಾರ್ಚ್‌ನಲ್ಲಿ ನಾರ್ವೆಯ ಲೋಫೋಟೆನ್ ದ್ವೀಪಗಳು.

ಮಾತುಂಗಾದಲ್ಲಿ ಕಾಫಿಗೆ ಕೂತಾಗ ಗೆಳೆಯರು ಕೇಳುವುದು ‘ಯಾವುದು ಚಂದ?’ ಅಂತ. ಮೂರೂ ಚಂದವೇ, ಅದರಲ್ಲೇನು ಬಂತು. ಫೋಟೊ ಹುಚ್ಚಿನವರು ವಿಚಾರಿಸಬೇಕಾದ್ದು ಎರಡೇ: ಕಂಡ ಕೂಡಲೇ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆಯೇ, ನಿಲ್ಲಿಸಿದ ಹೊತ್ತಿಗೆ ಬೆಳಕು ಹೇಗಿರುತ್ತದೆ.

ಐಸ್‌ಲ್ಯಾಂಡಿಗೆ ಬೆಳಕಿನ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ನಡುರಾತ್ರಿಯ ಹೊತ್ತಿಗೆ, ಮೂರು ಗಂಟೆಗೆಲ್ಲ ಮತ್ತೆ ಹಾಜರು. ನಮ್ಮಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಹೊಂಬಣ್ಣ ಅಲ್ಲಿ ಗಂಟೆಗಟ್ಟಲೆ. ಯೋಕುಲ್ಸಾರ್ಲೋನ್ ಹಿಮಸರೋವರದ ಮಂಜುಗಡ್ಡೆಗಳು ಸಮುದ್ರಕ್ಕೆ ಹೋಗಿ, ಅಲೆಯೊಂದಿಗೆ ಮರಳಿ ಬಂದು ಕಪ್ಪು ಮರಳಿನ ಮೇಲೆ ಕೂರುತ್ತವೆ. ರಾತ್ರಿ ಹನ್ನೊಂದೂವರೆಗೆ ಅವುಗಳ ಒಳಗೆ ಕಿತ್ತಳೆ ಬೆಳಕು. ಶಟರ್ ಅರ್ಧ ಸೆಕೆಂಡಿಗೆ ಇಟ್ಟು, ಅಲೆ ಬಂದಾಗ ಅಲ್ಲ, ಹಿಂದೆ ಸರಿಯುವಾಗ ಒತ್ತಬೇಕು. ಆಗ ಗಡ್ಡೆಯ ಸುತ್ತ ನೀರು ಬಿಳಿ ದಾರ ಎಳೆದ ಹಾಗೆ ಬರುತ್ತದೆ. ಅದೇ ಅಲೆ ಟ್ರೈಪಾಡಿನ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ನನ್ನ ನಲವತ್ತು ಫೋಟೊಗಳಲ್ಲಿ ಮೂವತ್ತೆಂಟು ಅಲುಗಾಡಿದ್ದವು. ಕಾಲನ್ನು ಮೊದಲೇ ಗೇಣುದ್ದ ಮರಳಿಗೆ ಒತ್ತಿ ಹೂಳಬೇಕು ಎಂಬ ಬುದ್ಧಿ ಬಂದದ್ದು ಮಾರನೆಯ ರಾತ್ರಿ.

ಆದರೆ ನಿಲ್ಲಿಸುವ ಜಾಗ? ದೇಶಕ್ಕೆ ಸುತ್ತು ಹಾಕುವ ಒಂದನೇ ನಂಬರಿನ ರಿಂಗ್ ರೋಡ್ ಸುಮಾರು 1322 ಕಿ.ಮೀ. ಬಹುಪಾಲು ಕಡೆ ಡಾಂಬರಿನ ಅಂಚು ಮುಗಿದರೆ ನೇರ ಇಳಿಜಾರು. ಕಣ್ಣೆದುರು ಕುದುರೆ, ಹಿಂದೆ ಹಿಮನದಿ, ಮೇಲೆ ಕಾಮನಬಿಲ್ಲು, ‘ಭಾವ, ಸ್ವಲ್ಪ ನಿಲ್ಲಿಸಿ!’ ಎನ್ನುವಷ್ಟರಲ್ಲಿ ತೊಂಬತ್ತರ ವೇಗದಲ್ಲಿ ಎಲ್ಲವೂ ಹಿಂದೆ. ‘ಎಲ್ಲಿ ನಿಲ್ಲಿಸುವುದು ಮಾರಾಯ, ನಿನ್ನ ತಲೆ ಮೇಲಾ?’ ಎಂಬ ಉತ್ತರ ಆ ಒಂಬತ್ತು ದಿನದಲ್ಲಿ ಎಷ್ಟು ಸಲ ಕೇಳಿದೆನೋ. ಸಾವಕಾಶವಾಗಿ ನಿಂತದ್ದು ಸ್ಕೈದರಾ ಬಯಲಿನಲ್ಲಿ. ಈ ರಸ್ತೆ 1974ರಲ್ಲಿ ಪೂರ್ತಿಯಾದದ್ದು ಅಲ್ಲಿನ ಸೇತುವೆಯಿಂದ. 1996ರ ಹಿಮನದಿ ಪ್ರವಾಹ ಅದರ ಒಂದು ಭಾಗವನ್ನೂ ಅದೇ ಬಯಲಿನ ಇನ್ನೊಂದು ಸೇತುವೆಯನ್ನೂ ಕಿತ್ತೊಗೆಯಿತು. ಹಗ್ಗದಂತೆ ತಿರುಚಿದ ಉಕ್ಕಿನ ತೊಲೆಗಳನ್ನು ರಸ್ತೆ ಬದಿಗೆ ಹಾಗೇ ಇಟ್ಟಿದ್ದಾರೆ.

ಇನ್ನು ಗಾಳಿ. ಕಾರು ಕೊಡುವಾಗಲೇ ‘ಬಾಗಿಲು ಕೈಬಿಡಬೇಡಿ’ ಎಂದಿದ್ದರು. ನಾನು ಬಿಟ್ಟೆ. ಬಾಗಿಲು ಹಿಂದಕ್ಕೆ ಮಡಚಿ ಕೀಲು ಬಾಗಿತು. ವಿಮೆಯ ಕಾಗದದಲ್ಲಿ ಗಾಳಿಯ ಹಾನಿ ಸೇರಿಲ್ಲ ಎಂದು ಓದಿದ್ದು ಆಮೇಲೆ. ಭಾವ ಈಗಲೂ ಮನೆಯ ಬಾಗಿಲು ತೆರೆಯುವಾಗಲೆಲ್ಲ ನನ್ನ ಮುಖ ನೋಡುತ್ತಾರೆ.

ನ್ಯೂಜಿಲೆಂಡ್ ಇದಕ್ಕೆ ತಿರುಗುಮುರುಗು. ನಮ್ಮಂತೆ ಎಡಗಡೆ ಓಡಿಸುವುದು, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ಸಾಕು, ಹೆಜ್ಜೆಹೆಜ್ಜೆಗೂ ಗಾಡಿ ಬದಿಗೆ ಹಾಕಲು ಜಾಗ. ಟೆ ಅನೌ ಊರಿನಿಂದ ಮಿಲ್‌ಫರ್ಡ್ ಸೌಂಡ್‌ಗೆ 120 ಕಿ.ಮೀ.; ಅದಕ್ಕೆ ನಾವು ಇಡೀ ದಿನ ತೆಗೆದುಕೊಂಡೆವು. ದಾರಿಯಲ್ಲಿ 1954ರಲ್ಲಿ ತೆರೆದ ಹೋಮರ್ ಸುರಂಗ. ಅದರ ಬಾಯಿಯಲ್ಲಿ ಕೆಂಪು ಸಿಗ್ನಲ್‌ಗೆ ಕಾಯುವಾಗ ಕೆಯಾ ಎಂಬ ಬೆಟ್ಟದ ಗಿಳಿ ಬಂದು ಬಾನೆಟ್ ಮೇಲೆ ಕೂತಿತು. ವೈಪರಿನ ರಬ್ಬರನ್ನು ಕೊಕ್ಕಿನಲ್ಲಿ ಹಿಡಿದು, ಅಕ್ಕ ಹುರುಳಿಕಾಯಿಯ ನಾರು ತೆಗೆಯುವ ಹಾಗೆ ಎಳೆಯತೊಡಗಿತು. ನನ್ನ ಕೈಯಲ್ಲಿದ್ದದ್ದು ದೂರದ್ದನ್ನು ತೆಗೆಯುವ 70-200 ಲೆನ್ಸು. ಗಿಳಿ ಫೋಕಸ್ಸಿಗೆ ಸಿಗದಷ್ಟು ಹತ್ತಿರ!

ಅಲ್ಲಿ ಸೋತದ್ದು ಬೆಳಕಿನಲ್ಲಿ. ಲೂಪಿನ್ ಹೂವಿನ ಆಸೆಗೆ ನವೆಂಬರ್ ಕೊನೆ ಆರಿಸಿದ್ದೆವು. ಟೆಕಾಪೊ ಕೆರೆದಂಡೆಯ ಹೂವಿಗೆ ಮಾತಿಲ್ಲ. ಆದರೆ ಅದು ಅವರ ಬೇಸಿಗೆಯ ಬಾಗಿಲು, ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಹತ್ತರಿಂದ ಐದರವರೆಗೆ ತೆಗೆದದ್ದೆಲ್ಲ ಟೂರಿಸ್ಟ್ ಫೋಟೊ. ಸಂಜೆಯ ಬೆಳಕಿಗೆ ಒಂಬತ್ತರವರೆಗೆ ಕಾಯಬೇಕು, ಆ ಹೊತ್ತಿಗೆ ಸಣ್ಣ ಊರುಗಳಲ್ಲಿ ಊಟ ಸಿಗುವುದಿಲ್ಲ. ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿ ಬ್ರೆಡ್ಡಿಗೆ ಹಚ್ಚಿ ತಿಂದದ್ದೇ ತಿಂದದ್ದು. ತಿನ್ನುವ ಪದಾರ್ಥವನ್ನೆಲ್ಲ ಇಳಿಯುವ ಮೊದಲು ಫಾರಂನಲ್ಲಿ ಬರೆದುಬಿಡಿ, ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ. ನಮ್ಮ ಚಟ್ನಿಪುಡಿ ಪಾರಾಯಿತು, ತಡೆದದ್ದು ಟ್ರೈಪಾಡನ್ನು. ಅದರ ಕಾಲಿಗೆ ಭಿಗವಣದ ಕೆಸರು ಒಣಗಿ ಅಂಟಿತ್ತು. ತೊಳೆದು ಒರೆಸಿ ಕೊಟ್ಟರು. ವನಾಕಾ ಕೆರೆಯೊಳಗಿನ ಒಂಟಿ ಮರವನ್ನೂ ತೆಗೆದೆ. 2020ರ ಮಾರ್ಚ್‌ನಲ್ಲಿ ಯಾರೋ ಗರಗಸ ಹಾಕಿ ಅದರ ಕೆಳಗಿನ ಕೊಂಬೆ ಕತ್ತರಿಸಿದರಂತೆ. ನೀರಿಗೆ ತಾಗುವಂತಿದ್ದ ಆ ಕೊಂಬೆ ನನ್ನ ಚಿತ್ರದಲ್ಲಿದೆ.

ಲೋಫೋಟೆನ್‌ನಲ್ಲಿ ನಾವು ಸುತ್ತಿದ ರಸ್ತೆ ಎಷ್ಟು? ಸ್ವೋಲ್ವೇರ್‌ನಿಂದ ಸುಮಾರು 130 ಕಿ.ಮೀ. ಇ10 ಹೆದ್ದಾರಿ ಮುಗಿಯುವ ಊರಿನ ಹೆಸರು ಒಂದೇ ಅಕ್ಷರ, ಉಚ್ಚಾರ ‘ಓ’, ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ. ಭಾವನಿಗೆ ಮೊದಲ ದಿನವೇ ಬೇಜಾರು: ‘ಇಷ್ಟಕ್ಕೆ ಇಷ್ಟು ದೂರ ಬಂದೆವಾ?’ ನನಗೆ ಮಾತ್ರ ಅದೇ ಲಾಭವಾಯಿತು. ಹಾಮ್ನೊಯ್ ಸೇತುವೆಯ ಮೇಲಿಂದ ಕಾಣುವ ಕೆಂಪು ಮೀನುಗಾರ ಮನೆಗಳ ಮುಂದೆ ಆರು ದಿನದಲ್ಲಿ ನಾಲ್ಕು ಸಲ ನಿಂತೆ. ಒಮ್ಮೆ ಹಿಮ ಸುರಿಯುವಾಗ, ಒಮ್ಮೆ ಮನೆಯೊಳಗೆ ದೀಪ ಹತ್ತುವಾಗ. ಮಾರ್ಚ್ ಮೂರನೇ ವಾರ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಇಪ್ಪತ್ತೆರಡು ಡಿಗ್ರಿ ಮೇಲಷ್ಟೇ, ಇಡೀ ದಿನ ಓರೆ ಬೆಳಕು. ರಾತ್ರಿಗೆ ಕತ್ತಲೂ ಇದೆ, ಹಾಗಾಗಿ ಆಕಾಶದಲ್ಲಿ ಹಸಿರು ಪರದೆಯಂತೆ ಆಡುವ ಧ್ರುವಪ್ರಭೆ. ಎರಡು ರಾತ್ರಿ ಸಿಕ್ಕಿತು. ಕ್ಯಾಮೆರಾ ಸೆಟ್ಟಿಂಗು: ಎಫ್ 2.8, ಐಎಸ್‌ಒ 1600, ಆರು ಸೆಕೆಂಡು. ಇನ್ನೂ ಹೆಚ್ಚು ಹೊತ್ತು ತೆರೆದಿಟ್ಟರೆ ಪರದೆಯ ನಿರಿಗೆಗಳೆಲ್ಲ ಕಲಸಿ ಬರೀ ಹಸಿರು ಹೊಗೆ. ಚಳಿಗೆ ಬೇಗ ಖಾಲಿಯಾಗದಿರಲಿ ಎಂದು ಬ್ಯಾಟರಿ ಬನಿಯನ್ನಿನೊಳಗೆ.

ರೈನೆ ಊರಿನ ಹತ್ತಿರ ಮರದ ಅಟ್ಟಗಳ ಮೇಲೆ ಕಾಡ್ ಮೀನನ್ನು ತಲೆ ಕಡಿದು, ಬಾಲಕ್ಕೆ ಬಾಲ ಕಟ್ಟಿ ಜೋಡಿಜೋಡಿಯಾಗಿ ಒಣಹಾಕಿದ್ದರು. ಮುಂಬೈಯ ವರ್ಸೋವಾದಲ್ಲಿ ಬೊಂಬಿಲ್ ಮೀನು ಒಣಗಿಸುವ ಬಿದಿರಿನ ಸಾಲೇ ನೆನಪಿಗೆ ಬಂತು, ಹಿಂದೆ ಬಿಳಿ ಬೆಟ್ಟ ಅಷ್ಟೇ ಹೊಸದು. ತಲೆಗಳನ್ನು ಬೇರೆಯೇ ಪೋಣಿಸಿದ್ದರು. ಬಾಯಿ ತೆರೆದು, ಹಲ್ಲಿನ ಮೇಲೆ ಹಿಮದ ಹರಳು. ಅವು ನೈಜೀರಿಯಾಕ್ಕೆ ಹೋಗುತ್ತವೆ, ಸಾರು ಮಾಡಲು. ಎರಡು ಗಂಟೆ ಅಲ್ಲೇ ಕಳೆದೆ. ಜಾಕೆಟ್ಟಿನ ವಾಸನೆ ಡೊಂಬಿವಲಿಯವರೆಗೂ ಬಂತು.

ನಿಲ್ಲಿಸುವ ಜಾಗ ಇಲ್ಲಿ ನಡುಮಧ್ಯ. ಕಿರುರಸ್ತೆಗಳಲ್ಲಿ ‘ಎಂ’ ಫಲಕದ ಅಗಲ ಜಾಗ ಎದುರಿನ ಗಾಡಿಗೆ ದಾರಿ ಬಿಡುವುದಕ್ಕೆ, ಟ್ರೈಪಾಡ್ ಊರುವುದಕ್ಕಲ್ಲ. ಇದನ್ನು ಒಬ್ಬ ಬಸ್ ಡ್ರೈವರ್ ನಮಗೆ ಹಾರ್ನಿನಲ್ಲಿ ಕಲಿಸಿದ. ಖರ್ಚಿನಲ್ಲಿ ನಮಗೆ ತಂಗುವ ಜಾಗ ಅತಿ ದುಬಾರಿಯಾದದ್ದು ಇಲ್ಲೇ, ಪೆಟ್ರೋಲ್ ಅತಿ ಕಡಿಮೆಯಾದದ್ದೂ ಇಲ್ಲೇ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಓಡಿಸುವವರೇ ಫೋಟೊ ತೆಗೆಯುವವರಾದರೆ, ನಾನು ನ್ಯೂಜಿಲೆಂಡ್ ಅನ್ನುತ್ತೇನೆ, ಆದರೆ ಹೂವಿನ ಆಸೆ ಬಿಟ್ಟು ಏಪ್ರಿಲ್‌ನಲ್ಲಿ. ಐಸ್‌ಲ್ಯಾಂಡಿಗೆ ಹೋದರೆ ಪೂರ್ತಿ ಸುತ್ತುವ ಹಟ ಬೇಡ, ದಕ್ಷಿಣ ತೀರದಲ್ಲೇ ಒಂದು ವಾರ ಇರಿ. ಜಲಪಾತದ ತುಂತುರಿಗೆ ಲೆನ್ಸ್ ಒರೆಸಲು ಹಳೆಯ ಬೈರಾಸು ಒಯ್ಯಿರಿ, ಅಂಗಡಿಯ ನುಣುಪು ಬಟ್ಟೆ ಎರಡು ನಿಮಿಷಕ್ಕೆ ತೊಯ್ದು ತೊಪ್ಪೆ. ನನ್ನ ಗೋಡೆ ಮೇಲೆ ತೂಗುಹಾಕಿರುವ ಐದರಲ್ಲಿ ಮೂರು ಲೋಫೋಟೆನ್‌ನದ್ದು. ಭಾವ ಮಾತ್ರ ಐಸ್‌ಲ್ಯಾಂಡ್ ಪಕ್ಷ; ಉಳಿದೆರಡು ದೇಶದ್ದು ಅವರಿಗೆ ರಸ್ತೆಯೇ ಅಲ್ಲ, ಪಾರ್ಕಿಂಗ್.