‘ಸಿ ಡ್ರೈವ್ ಮಾತ್ರ ಸಾರ್’ ಅಂದರೆ ಹೂಂ ಅನ್ನಬೇಡಿ

ಮನೆ ಕಂಪ್ಯೂಟರ್ ಲಾಗಿನ್ ಆಗ್ತಿಲ್ಲ ಅಂತ ಸಿಪಿಯು ಡಬ್ಬವನ್ನು ಸ್ಕೂಟರಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಅಂಗಡಿಗೆ ಹೊರಟಿದ್ದರೆ ಒಂದು ಹತ್ತು ನಿಮಿಷ ತಡೀರಿ. ಇದನ್ನು ಓದಿಕೊಂಡು ಹೋಗಿ. ನಾನು ತಡೀಲಿಲ್ಲ. ನಮ್ಮಪ್ಪ ಈಗ ಎರಡು ವರ್ಷದ ಬರವಣಿಗೆಯನ್ನು ಮೊದಲಿಂದ ಕುಟ್ಟುತ್ತಾ ಕೂತಿದ್ದಾರೆ.

ಅಪ್ಪ ಪಾಂಡವಪುರ ತಾಲ್ಲೂಕಿನವರು, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ರಿಟೈರ್ ಆದವರು. ಈಗ ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಜೊತೆ ಇದ್ದಾರೆ. ಕೆಲಸ ಬಿಟ್ಟಾಗಿನಿಂದ ಅವರಿಗೆ ಒಂದೇ ಹುಚ್ಚು. ನಮ್ಮೂರ ಕಡೆ ಗದ್ದೆಯಲ್ಲಿ, ಆಲೆಮನೆಯಲ್ಲಿ ಜನ ಆಡೋ ಮಾತುಗಳನ್ನು ಕೂಡಿಹಾಕೋದು. ಗಾಣ, ಕೊಪ್ಪರಿಗೆ, ರಚ್ಚು, ಅಚ್ಚು ಹೀಗೆ ಒಂದೊಂದು ಪದಕ್ಕೂ ಯಾವ ಊರಿನವರು ಹೇಳಿದ್ದು, ಯಾವ ಅರ್ಥದಲ್ಲಿ, ಜೊತೆಗೆ ಯಾವ ಗಾದೆ ಬಂತು ಅಂತ ನುಡಿ ತಂತ್ರಾಂಶದಲ್ಲಿ ಎರಡೇ ಬೆರಳಲ್ಲಿ ಟೈಪ್ ಮಾಡ್ತಾರೆ. ಅದೆಲ್ಲ ಇದ್ದದ್ದು ಡೆಸ್ಕ್‌ಟಾಪ್ ಮೇಲೆ, ‘ಪದ’ ಅನ್ನೋ ಹೆಸರಿನ ಒಂದೇ ಒಂದು ಹಳದಿ ಫೋಲ್ಡರಿನಲ್ಲಿ.

ಆಷಾಢದ ಒಂದು ಶುಕ್ರವಾರ. ಹೆಂಡತಿ, ಮಗಳು ಬೆಟ್ಟಕ್ಕೆ ಹೋಗಿದ್ದರು. ಸಂಜೆ ಮಳೆಗೆ ಕರೆಂಟು ಎರಡು ಸಲ ಹೋಗಿ ಬಂತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ತಿಂಗಳಾಗಿತ್ತೋ, ಬದಲಾಯಿಸಬೇಕು ಅಂತ ಅಂದುಕೊಳ್ಳೋದರಲ್ಲೇ ಇದ್ದೆ. ಕಂಪ್ಯೂಟರ್ ಎರಡು ಸಲವೂ ಪಕ್ ಅಂತ ಆರಿಹೋಯ್ತು.

ಮಾರನೇ ದಿನ ಬೆಳಗ್ಗೆ ಅಪ್ಪ ಪಾಸ್‌ವರ್ಡ್ ಹಾಕಿದರು. ಪಾಸ್‌ವರ್ಡ್ ತಪ್ಪು ಅಂತ ಅದು ಹೇಳಲಿಲ್ಲ. ಒಂದು ನಿಮಿಷ ಸುತ್ತಿ, ‘ಯೂಸರ್ ಪ್ರೊಫೈಲ್ ಸರ್ವಿಸ್ ಫೇಲ್ಡ್ ದ ಸೈನ್ ಇನ್’ ಅಂತ ಬರೆದು ವಾಪಸ್ ಕಳಿಸಿತು. ನನ್ನ ಅಕೌಂಟಿನಲ್ಲಿ ಹಾಕಿದೆ. ಅದು ಒಳಗೇನೋ ಬಿಟ್ಟಿತು, ಆದರೆ ಅಲ್ಲಿ ನನ್ನದು ಅನ್ನೋದು ಏನೂ ಇಲ್ಲ. ಮಗಳ ಫೋಟೋ ಇದ್ದ ಜಾಗದಲ್ಲಿ ವಿಂಡೋಸಿನ ನೀಲಿ ಚಿತ್ರ, ಒಂದು ರೀಸೈಕಲ್ ಬಿನ್, ಮೂಲೆಯಲ್ಲಿ ‘ವಿ ಕಾಂಟ್ ಸೈನ್ ಇನ್ ಟು ಯುವರ್ ಅಕೌಂಟ್’ ಅಂತ ಒಂದು ಸಣ್ಣ ಚೀಟಿ. ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದ ಮನೆ ನೋಡಿದ ಹಾಗಾಯ್ತು. ಎಲ್ಲಾ ಅಳಿಸಿಹೋಯ್ತು ಅಂತಲೇ ಅಂದುಕೊಂಡೆ.

ಏನೂ ಅಳಿಸಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ಎಂಟು ದಿನ ತಡವಾಗಿ.

ವಿಂಡೋಸಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪ್ರೊಫೈಲ್ ಇರುತ್ತೆ. ಸಿ ಡ್ರೈವ್ ಒಳಗೆ ಯೂಸರ್ಸ್ ಅನ್ನೋ ಫೋಲ್ಡರ್, ಅದರೊಳಗೆ ಅವರವರ ಹೆಸರಿನ ಫೋಲ್ಡರ್. ಪ್ರತಿ ಫೋಲ್ಡರಿನಲ್ಲೂ ಎನ್‌ಟಿಯೂಸರ್ ಡಾಟ್ ಡ್ಯಾಟ್ ಅಂತ ಕಣ್ಣಿಗೆ ಕಾಣದ ಒಂದು ಕಡತ. ಆ ವ್ಯಕ್ತಿಯ ಸೆಟ್ಟಿಂಗ್‌ಗಳೆಲ್ಲ ಅದರಲ್ಲಿ. ಕರೆಂಟು ದಢಕ್ಕನೆ ಹೋದಾಗ ಅದು ಅರ್ಧ ಬರೆದು ನಿಂತುಬಿಟ್ಟರೆ ವಿಂಡೋಸಿಗೆ ಆ ಪ್ರೊಫೈಲ್ ಓದಲು ಬರಲ್ಲ. ಆಗ ಒಂದೋ ಬಾಗಿಲಲ್ಲೇ ತಡೆಯುತ್ತೆ, ಇಲ್ಲಾ ಟೆಂಪ್ ಅನ್ನೋ ತಾತ್ಕಾಲಿಕ ಪ್ರೊಫೈಲ್ ಕೊಟ್ಟು ಕೂರಿಸುತ್ತೆ. ನಾನು ನೋಡಿದ ಖಾಲಿ ಮನೆ ಅದೇ. (ಅಲ್ಲಿ ಕೂತು ಏನಾದರೂ ಟೈಪ್ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿದಿರೋ, ಸೈನ್ ಔಟ್ ಆದ ತಕ್ಷಣ ಅದೂ ಮಾಯ.) ನನ್ನ ಅಕೌಂಟು ಅಡ್ಮಿನ್ ಅಕೌಂಟು. ಆ ಖಾಲಿ ಡೆಸ್ಕ್‌ಟಾಪಿನಿಂದಲೇ ಸಿ ಡ್ರೈವ್ ತೆಗೆದು, ಯೂಸರ್ಸ್ ಒಳಗೆ ಅಪ್ಪನ ಫೋಲ್ಡರ್ ಒತ್ತಿದ್ದರೆ ‘ನಿಮಗೆ ಪರ್ಮಿಷನ್ ಇಲ್ಲ, ಕಂಟಿನ್ಯೂ?’ ಅಂತ ಕೇಳಿರೋದು. ಕಂಟಿನ್ಯೂ ಒತ್ತಿ ‘ಪದ’ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಎಳೆದುಹಾಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅದರ ಬದಲು ನಾನು ಮೊಬೈಲಿನಲ್ಲಿ ‘ವಿಂಡೋಸ್ ಹೆಲ್ಪ್‌ಲೈನ್’ ಅಂತ ಹುಡುಕಿದೆ. ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಿದರೆ ಆ ಕಡೆಯವನು ನನ್ನ ತೊಂದರೆ ಪೂರ್ತಿ ಕೇಳೋ ಮುಂಚೆಯೇ ಫೋನಿಗೆ ಎನಿಡೆಸ್ಕ್ (ದೂರದಲ್ಲಿ ಕೂತು ನಮ್ಮ ಪರದೆ ನೋಡಿ ಓಡಿಸೋ ಆ್ಯಪ್) ಹಾಕಿಕೊಳ್ಳಿ ಅಂದ. ಕೆಟ್ಟಿರೋದು ಕಂಪ್ಯೂಟರ್, ಫೋನಿಗೆ ಯಾಕೆ ಅಂತ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಗದರಿದ. ಕಟ್ ಮಾಡಿದೆ. ಅಷ್ಟರ ಮಟ್ಟಿಗೆ ಬುದ್ಧಿ ಇತ್ತು. ಮೈಕ್ರೋಸಾಫ್ಟಿನವರು ತಮ್ಮ ಎರರ್ ಮೆಸೇಜಿನಲ್ಲಿ ಫೋನ್ ನಂಬರ್ ಹಾಕೋದೇ ಇಲ್ಲ, ಇದು ನೆನಪಿರಲಿ. ಯಾರಾದರೂ ಇಂಥವರಿಗೆ ದುಡ್ಡು ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಿ.

ಆಮೇಲೆ ಅಂಗಡಿ. ಹೆಸರು ಬೇಡ, ಏರಿಯಾನೂ ಬೇಡ. ಕೌಂಟರಿನ ಹುಡುಗ ಆನ್ ಮಾಡಿ, ಎರರ್ ನೋಡಿ ಎರಡೇ ಸೆಕೆಂಡಿಗೆ ಹೇಳಿದ:

‘ಪ್ರೊಫೈಲ್ ಕರಪ್ಟ್ ಆಗಿದೆ ಸಾರ್. ಫಾರ್ಮ್ಯಾಟ್ ಹೊಡೀಬೇಕು.’

‘ಡೇಟಾ ಹೋಗುತ್ತಾ?’

‘ಸಿ ಡ್ರೈವ್ ಮಾತ್ರ ಸಾರ್. ಡಿ, ಇ ಮುಟ್ಟಲ್ಲ.’

‘ಸಿನಲ್ಲಿ ಬರೀ ವಿಂಡೋಸ್ ಇರೋದು ಬಿಡಪ್ಪ. ಅಪ್ಪನ ಫೈಲೆಲ್ಲ ಡೆಸ್ಕ್‌ಟಾಪ್ ಮೇಲಿದೆ.’

‘ಸರಿ ಸಾರ್.’

ಆ ‘ಸರಿ ಸಾರ್’ ನನಗೆ ಇವತ್ತಿಗೂ ಕಿವಿಯಲ್ಲಿದೆ. ಡೆಸ್ಕ್‌ಟಾಪ್ ಇರೋದೇ ಸಿ ಡ್ರೈವಿನೊಳಗೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವೂ, ನೀವಾಗಿ ಬೇರೆ ಕಡೆ ಸಾಗಿಸಿಲ್ಲದಿದ್ದರೆ, ಸಿ ಡ್ರೈವಿನ ಅದೇ ಯೂಸರ್ಸ್ ಫೋಲ್ಡರಿನ ಮಕ್ಕಳು. ಪರದೆ ಮೇಲೆ ಎಲ್ಲಕ್ಕಿಂತ ಮುಂದೆ ಕಾಣುತ್ತಲ್ಲ, ಅದಕ್ಕೇ ನಮ್ಮಂಥವರಿಗೆ ಡೆಸ್ಕ್‌ಟಾಪ್ ಅನ್ನೋದು ಯಾವ ಡ್ರೈವಿಗೂ ಸೇರದ, ಮೇಜಿನ ಮೇಲ್ಗಡೆ ಇರೋ ಜಾಗ ಅನ್ನಿಸಿಬಿಡುತ್ತೆ. ನನಗೆ ಗೊತ್ತಿರಲಿಲ್ಲ, ಒಪ್ಪಿಕೊಳ್ತೀನಿ. ಆದರೆ ದಿನಕ್ಕೆ ಹತ್ತು ಕಂಪ್ಯೂಟರ್ ಬಿಚ್ಚೋ ಆ ಹುಡುಗನಿಗೆ ಗೊತ್ತಿತ್ತು. ‘ಸಾರ್, ಡೆಸ್ಕ್‌ಟಾಪೂ ಸಿನಲ್ಲೇ ಬರೋದು’ ಅನ್ನೋ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಕಾಪಿ ಮಾಡೋಕೆ ಒಂದು ಗಂಟೆ ಬೇಕು, ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕೋಕೆ ಅರ್ಧ ಗಂಟೆ. ಎರಡಕ್ಕೂ ತಗೊಳ್ಳೋದು ಅದೇ ಆರುನೂರು ರೂಪಾಯಿ.

ಸಂಜೆ ಡಬ್ಬ ತಂದೆ. ಲಾಗಿನ್ ಸಲೀಸಾಗಿ ಆಯ್ತು, ಪಾಸ್‌ವರ್ಡೇ ಇಲ್ಲ. ‘ಆಫೀಸ್ ಫ್ರೀಯಾಗಿ ಹಾಕ್ಕೊಟ್ಟಿದ್ದೀನಿ ಸಾರ್’ ಅಂದಿದ್ದ. ಆ ಫ್ರೀ ಅಂದರೆ ಕದ್ದ ಕಾಪಿ, ಅದನ್ನು ಓಡಿಸೋಕೆ ಆಂಟಿವೈರಸ್ಸನ್ನೇ ಆಫ್ ಮಾಡಿದ್ದ ಅನ್ನೋದು ಆಮೇಲೆ ಗೊತ್ತಾಯ್ತು. ಅಪ್ಪ ಕನ್ನಡಕ ಹಾಕಿಕೊಂಡು ಕೂತು ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. ಮೌಸನ್ನು ಆ ಹಳದಿ ಫೋಲ್ಡರ್ ಇರುತ್ತಿದ್ದ ಜಾಗಕ್ಕೆ, ಎಡಗಡೆ ಮೂರನೆಯದು, ತಗೊಂಡು ಹೋಗಿ ಅಲ್ಲೇ ನಿಲ್ಲಿಸಿದರು. ‘ಇಲ್ಲಿದ್ದುದ್ದು ಎಲ್ಲೋಯ್ತ್ಲಾ?’ ಅಂದರು.

ಅಂಗಡಿಗೆ ಫೋನ್ ಮಾಡಿದರೆ, ‘ರಸೀದಿ ಹಿಂದೆ ಬರೆದಿದೆ ನೋಡಿ ಸಾರ್, ಡೇಟಾಗೆ ನಾವು ಜವಾಬ್ದಾರರಲ್ಲ’. ನೋಡಿದೆ. ಬರೆದಿತ್ತು. ಮುಂದೆ ನನ್ನದೇ ಸಹಿಯೂ ಇತ್ತು.

ನಮ್ಮ ಆಫೀಸಿನಲ್ಲಿ ಸಿಸ್ಟಮ್ ನೋಡಿಕೊಳ್ಳೋ ಹುಡುಗ ಒಬ್ಬ ಮನೆಗೆ ಬಂದು ರಿಕವರಿ ಸಾಫ್ಟ್‌ವೇರ್ ಓಡಿಸಿದ. ಮೊದಲು ಕೇಳಿದ್ದೇ, ‘ಸಿ ಡ್ರೈವ್ ಹಾರ್ಡ್ ಡಿಸ್ಕಾ ಎಸ್‌ಎಸ್‌ಡಿನಾ ಸಾರ್?’ ಸ್ಪೀಡ್ ಆಗಲಿ ಅಂತ ಎರಡು ವರ್ಷದ ಹಿಂದೆ 240 ಜಿಬಿ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಚಿಪ್ಪಿನಲ್ಲೇ ಕಡತ ಇಡೋ ಡ್ರೈವ್) ಹಾಕಿಸಿದ್ದೆ. ಅವನ ಮುಖ ಸಣ್ಣಗಾಯ್ತು. ಹಳೇ ಹಾರ್ಡ್ ಡಿಸ್ಕಿನಲ್ಲಿ ಅಳಿಸೋದು, ಫಾರ್ಮ್ಯಾಟ್ ಹೊಡೆಯೋದು ಅಂದರೆ ಹೆಚ್ಚಿನಂಶ ಪುಸ್ತಕದ ಪರಿವಿಡಿ ಹರಿದುಹಾಕಿದ ಹಾಗೆ. ಮೇಲೆ ಬೇರೆ ಬರೆಯೋವರೆಗೂ ಒಳಗಿನ ಪುಟಗಳು ಹಾಗೇ ಇರುತ್ತವೆ, ಹುಡುಕಿ ತೆಗೀಬಹುದು. ಎಸ್‌ಎಸ್‌ಡಿ ಹಾಗಲ್ಲ. ಟ್ರಿಮ್ ಅಂತ ಒಂದು ಆಜ್ಞೆ ಇದೆ. ‘ಈ ಜಾಗ ಖಾಲಿ’ ಅಂತ ವಿಂಡೋಸ್ ಹೇಳಿದ ಮೇಲೆ ಡ್ರೈವು ತನ್ನ ಪಾಡಿಗೆ ತಾನೇ ಆ ಪುಟಗಳನ್ನೂ ಒರೆಸಿಹಾಕುತ್ತೆ. ಕ್ವಿಕ್ ಫಾರ್ಮ್ಯಾಟ್ ಆದರೂ ಅಷ್ಟೇ. ರಾತ್ರಿ ಹನ್ನೊಂದರವರೆಗೂ ಕೂತ. ಒಂದು ಪದವೂ ಸಿಗಲಿಲ್ಲ.

ಪುಣ್ಯಕ್ಕೆ ಎಸ್‌ಎಸ್‌ಡಿ ಹಾಕಿದ ದಿನ ಹಳೇ ಹಾರ್ಡ್ ಡಿಸ್ಕಿಗೆ ಎಲ್ಲಾ ಕಾಪಿ ಮಾಡಿಟ್ಟಿದ್ದು ಡಿ ಡ್ರೈವಿನ ಮೂಲೆಯಲ್ಲಿ ಹಾಗೇ ಉಳಿದಿತ್ತು. ಅಲ್ಲಿಯವರೆಗಿನದು ಸಿಕ್ಕಿತು. ಆಮೇಲಿನ ಎರಡು ವರ್ಷದ್ದು ಹೋಯ್ತು. ಆ ಎರಡು ವರ್ಷದಲ್ಲಿ ಪದ ಹೇಳಿದ್ದ ಮುದುಕರಲ್ಲಿ ಇಬ್ಬರು ಈಗ ಇಲ್ಲ.

ನಿಮಗೆ ಹೀಗಾದರೆ ಏನು ಮಾಡಬೇಕು ಅಂತ ನಮ್ಮ ಆಫೀಸಿನ ಆ ಹುಡುಗನ ಹತ್ತಿರ ಕೇಳಿ ತಿಳಿದುಕೊಂಡಿದ್ದನ್ನು ಬರೀತೀನಿ. ಪಾಸ್‌ವರ್ಡ್ ತಪ್ಪು ಅಂತಿದ್ದರೆ ಕ್ಯಾಪ್ಸ್ ಲಾಕ್, ನಂಬರ್ ಲಾಕ್ ನೋಡಿ, ಜೊತೆಗೆ ಬಲಗಡೆ ಕೆಳಗೆ ಕೀಬೋರ್ಡ್ ಭಾಷೆ ಯಾವುದಿದೆ ನೋಡಿ. ನಮ್ಮಂಥ ಮನೆಗಳಲ್ಲಿ ಅದು ಕನ್ನಡಕ್ಕೆ ತಿರುಗಿರೋದು ಉಂಟು, ಚುಕ್ಕಿಗಳ ಹಿಂದೆ ಏನು ಬೀಳುತ್ತಿದೆ ಅಂತ ಕಾಣಲ್ಲ. ಪಕ್ಕದ ಕಣ್ಣಿನ ಗುರುತು ಒತ್ತಿದರೆ ಕಾಣುತ್ತೆ. ಮೈಕ್ರೋಸಾಫ್ಟ್ ಅಕೌಂಟ್ ಆಗಿದ್ದರೆ ಪಾಸ್‌ವರ್ಡನ್ನು ಫೋನಿನಿಂದಲೇ ಬದಲಿಸಬಹುದು, ಆಮೇಲೆ ಕಂಪ್ಯೂಟರಿಗೆ ಇಂಟರ್ನೆಟ್ ಇರಬೇಕು ಅಷ್ಟೇ. ನಮ್ಮ ಹಾಗೆ ಪ್ರೊಫೈಲ್ ತೊಂದರೆ ಆಗಿದ್ದರೆ ಒಂದೆರಡು ಸಲ ರೀಸ್ಟಾರ್ಟ್ ಮಾಡಿ. ಆಗಲಿಲ್ಲವಾ, ಲಾಗಿನ್ ಪರದೆಯಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್, ಅಂದರೆ ತೀರಾ ಬೇಕಾದ್ದನ್ನಷ್ಟೇ ಹಾಕಿಕೊಂಡು ವಿಂಡೋಸ್ ಏಳೋ ರೀತಿ. ಅಲ್ಲಿಂದ ಒಳಗೆ ಬಿಟ್ಟರೆ ಮೊದಲು ಫೈಲ್ ಕಾಪಿ ಮಾಡಿಕೊಳ್ಳಿ, ರಿಪೇರಿ ಆಮೇಲೆ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳೋ ಖಾತೆ) ತೆಗೆದು ಪ್ರೊಫೈಲ್ ಲಿಸ್ಟ್ ತಿದ್ದಿ ಅಂತ ವಿಡಿಯೋಗಳು ಹೇಳ್ತವೆ. ಅದು ಸರಿಯಾದ ದಾರಿಯೇ, ಆದರೆ ಅಭ್ಯಾಸ ಇಲ್ಲದವರು ಕೈಹಾಕೋ ಜಾಗ ಅಲ್ಲ.

ಒಳಗೆ ಬಿಡಲೇ ಇಲ್ಲ ಅಂದರೂ ಡ್ರೈವ್ ಬಿಚ್ಚಿ ಯುಎಸ್‌ಬಿ ಕೇಬಲ್ಲಿನಲ್ಲಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಫೈಲ್ ತೆಗೀಬಹುದು. ಆ ಕೇಬಲ್ಲಿಗೆ ನಾನು ಆಮೇಲೆ ನಾನೂರು ರೂಪಾಯಿ ಕೊಟ್ಟೆ. ಊಟ ಆದಮೇಲೆ ಎಲೆ ಹಾಕಿದ ಹಾಗೆ.

ಇದಕ್ಕೊಂದು ಅಡ್ಡಿ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರೋದರಿಂದ ಈಗ ಅಂಗಡಿಯವರು 11 ಹಾಕ್ತಾರೆ. ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಡ್ರೈವಿಗೆ ತಾನಾಗಿ ಬಿಟ್‌ಲಾಕರ್ ಅನ್ನೋ ಬೀಗ ಬೀಳುತ್ತೆ, ಆಮೇಲೆ ಡ್ರೈವ್ ಬಿಚ್ಚಿ ಬೇರೆ ಕಡೆ ಸಿಕ್ಕಿಸಿದರೂ ಕೀ ಇಲ್ಲದೆ ಓದಲು ಬರಲ್ಲ. ನೀಲಿ ಪರದೆ ಬಂದು ಬಿಟ್‌ಲಾಕರ್ ರಿಕವರಿ ಕೀ ಕೇಳಿದರೆ ಹೆದರಬೇಡಿ, ಫಾರ್ಮ್ಯಾಟ್ ಅಂತೂ ಹೊಡೆಸಬೇಡಿ. ಆ 48 ಅಂಕಿಯ ಕೀ ಯಾವ ಅಕೌಂಟಿನಲ್ಲಿ ಸೆಟಪ್ ಮಾಡಿದ್ದರೋ ಆ ಅಕೌಂಟಿನಲ್ಲಿ ಇರುತ್ತೆ. ಅಂಗಡಿಯವರು ತಮ್ಮ ಮೇಲ್ ಐಡಿ ಹಾಕಿ ಸೆಟಪ್ ಮಾಡಿಕೊಟ್ಟರೆ ನಿಮ್ಮ ಮನೆ ಬೀಗದ ಕೈ ಅವರ ಜೇಬಿನಲ್ಲಿ. ಎದುರಿಗೆ ಕೂತು ನಿಮ್ಮದೇ ಐಡಿ ಹಾಕಿಸಿ, ಕೀ ಒಂದು ಹಾಳೆಯಲ್ಲಿ ಬರೆದು ಗ್ಯಾಸ್ ಪುಸ್ತಕದ ಜೊತೆ ಇಡಿ.

ಅಂಗಡಿಗೆ ಕೊಡಲೇಬೇಕಾದರೆ, ‘ಯೂಸರ್ಸ್ ಫೋಲ್ಡರ್ ಪೂರ್ತಿ ಕಾಪಿ ತೆಗೆದು ನನಗೆ ತೋರಿಸಿ, ಆಮೇಲೆ ಮಿಕ್ಕಿದ್ದು’ ಅಂತ ರಸೀದಿಯಲ್ಲೇ ಬರೆಸಿ. ಬರೆಯಲ್ಲ ಅಂದರೆ ಡಬ್ಬ ಎತ್ತಿಕೊಂಡು ಬನ್ನಿ. ಅದರ ದುಡ್ಡು ಬೇರೆ ಕೇಳಿದರೆ ಕೊಡಿ, ಅದು ನ್ಯಾಯದ ದುಡ್ಡು.

ಅಪ್ಪ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ‘ಓದ್ರೆ ಓಯ್ತು ಬುಡ್ಲಾ’ ಅಂದು, ಮಾರನೇ ವಾರ ಪಾಂಡವಪುರದ ಬಸ್ಸು ಹತ್ತಿದರು, ಸಿಕ್ಕವರನ್ನು ಮತ್ತೆ ಕೇಳಿಕೊಂಡು ಬರೋಕೆ. ಈಗ ದಿನಾ ಸಂಜೆ ಟೈಪ್ ಮಾಡಿ ಮುಗಿಸಿದ ಮೇಲೆ ರೂಮಿನಿಂದ ಕೂಗ್ತಾರೆ: ‘ಲೇ, ಬಾರ್ಲಾ ಇಲ್ಲಿ. ಇದು ಸಿನೋ ಡಿನೋ ನೋಡು.’